ಅಕ್ಕೋರ ಟಿವಿಯ ಹಳದಿ ಪಿನ್ನು

ಅಕ್ಕೋರು ಹೋದರು ಎಂದು ಭಾಲ್ಕಿಯಿಂದ ಅಣ್ಣ ಫೋನು ಮಾಡಿದಾಗ ನಾನು ಬೀದರಿನ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳಿಗೆ ನಂಬರು ಅಂಟಿಸುತ್ತ ಕೂತಿದ್ದೆ. ಯಾವಾಗ, ಹೇಗೆ, ಏನಾಗಿತ್ತು ಎಂದು ಕೇಳಬೇಕಾಗಿದ್ದ ಬಾಯಿಂದ ಹೊರಬಿದ್ದ ಮೊದಲ ಮಾತು, "ಅವ್ರ ಟಿವಿ ಏನಾತು?" ಎಂಬುದು. ಕೇಳಿದ ಮೇಲೆ ನನಗೇ ಗಾಬರಿಯಾಯಿತು. ಅಣ್ಣ ಬೈಯುತ್ತಾನೆ ಅಂದುಕೊಂಡೆ. ಅವನು, "ಅವ್ರ ತಂಗಿಗಿ ನಾನೂ ಮೊದಲ ಅದನ್ನೇ ಕೇಳ್ದೆ ನೋಡು," ಎಂದ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡೇ ಅತ್ತೆವು.

ಅವರಿಗೊಂದು ಹೆಸರಿತ್ತು. ಆದರೆ ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ, ನಮ್ಮಿಬ್ಬರಿಗಂತೂ ಅವರು ಕೊನೆಯವರೆಗೆ ಅಕ್ಕೋರೇ. ಇಲ್ಲಿಯೂ ಹಾಗೆಯೇ ಇರಲಿ. ಔರಾದಿನವರು. ನೌಕರಿಗೆಂದು ಭಾಲ್ಕಿಗೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ನಮ್ಮ ಸಾಲಿಯಲ್ಲಿ ಕೋಣೆಗಳು ಕಡಿಮೆ ಇದ್ದುದರಿಂದ ಮೂರನೆಯ, ನಾಲ್ಕನೆಯ ಇಯತ್ತೆಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಅಣ್ಣ ಆ ಕಡೆ ಗೋಡೆಗೆ, ನಾನು ಈ ಕಡೆ ಗೋಡೆಗೆ, ನಡುವೆ ಅಕ್ಕೋರು. ಈಗ ನೆನೆದರೆ ಮುಂದಿನದೆಲ್ಲ ಅಲ್ಲಿಂದಲೇ ಶುರುವಾಯಿತೇನೋ ಅನ್ನಿಸುತ್ತದೆ.

ಕೆಲಸದ ಗುಣವೋ ಹುಟ್ಟುಗುಣವೋ, ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇರಬೇಕು ನನಗೆ. ಮನೆಯಲ್ಲಿ ಉಪ್ಪಿನ ಡಬ್ಬಿ ಜಾಗ ಬದಲಾದರೂ ಸಿಟ್ಟು ಬರುತ್ತದೆ. ಅಕ್ಕೋರನ್ನು ಮಾತ್ರ ಯಾವ ಕಪಾಟಿನಲ್ಲಿ ಇಡಬೇಕೋ ಇಂದಿಗೂ ತಿಳಿದಿಲ್ಲ. ನಿಜವಾಗಿಯೂ ಗೊಂದಲದ ಮನುಷ್ಯರೋ, ಬೇಕೆಂದೇ ಗೊಂದಲದವರಂತೆ ಇರುತ್ತಿದ್ದರೋ? "ನನಗ ತಿಳೀವಲ್ದು ನೋಡ್ರಿ" ಎನ್ನುವುದು ಅವರ ಮಾತು. ನನಗೆ ಅರ್ಥವಾಗುತ್ತಿಲ್ಲ ಎಂದು ಇಷ್ಟು ಸಮಾಧಾನದಿಂದ, ಇಷ್ಟು ಸಲ ಹೇಳಿದ ಇನ್ನೊಬ್ಬ ಶಿಕ್ಷಕರನ್ನು ನಾನು ಕಂಡಿಲ್ಲ.

ಹಲಗೆಯ ಮೇಲೆ ಏಳೆಂಟಲೇ ಐವತ್ತೆಂಟು ಎಂದು ಬರೆದು ನಿಂತುಬಿಡುತ್ತಿದ್ದರು. ಅರ್ಧ ಮಕ್ಕಳು ತಪ್ಪು ಎನ್ನುವರು. ಅಕ್ಕೋರು ಬರೆದದ್ದು ತಪ್ಪಾಗುವುದು ಹೇಗೆ ಎಂದು ಉಳಿದವರು ಅವರ ಪಕ್ಷ ವಹಿಸುವರು. ಗದ್ದಲ ಜೋರಾದಾಗ ಅಕ್ಕೋರು ಎರಡು ಹೆಜ್ಜೆ ಹಿಂದೆ ಸರಿದು, "ಒಬ್ರು ಹಿಂಗಂತೀರಿ, ಒಬ್ರು ಹಂಗಂತೀರಿ. ನನಗ ತಿಳೀವಲ್ದು. ಹುಣಸಿ ಬೀಜ ತಂದು ಎಣಿಸ್ರಿ, ಎಣಿಸಿ ನನಗ ಹೇಳ್ರಿ," ಎನ್ನುತ್ತಿದ್ದರು. ನಾವು ನೆಲದ ಮೇಲೆ ಬೀಜ ಹರಡಿಕೊಂಡು ಎಣಿಸುತ್ತಿದ್ದೆವು. ಆ ಲೆಕ್ಕ ಈಗಲೂ ಮರೆತಿಲ್ಲ. ಹಾಗಾದರೆ ಅದೆಲ್ಲ ಪಾಠ ಕಲಿಸುವ ಉಪಾಯ ಎಂದು ಕಪಾಟಿಗೆ ಸೇರಿಸಿಬಿಡಬಹುದಿತ್ತು. ಆದರೆ ಅದೇ ಅಕ್ಕೋರು ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಸಾಲಿಗೆ ಬರುತ್ತಿದ್ದರು. ಒಮ್ಮೆ ಯಾರದೋ ಲಗ್ನಕ್ಕೆಂದು ಹೊರಟವರು ಪಕ್ಕದ ಮಂಟಪದ ಇನ್ಯಾರದೋ ಲಗ್ನಕ್ಕೆ ಹೋಗಿ, ಮುಯ್ಯಿ ಕೊಟ್ಟು, ಹೋಳಿಗೆ ಉಂಡು, ಹುಡುಗಿಯ ತಾಯಿಯ ಜೊತೆ ಕೂತು ಕಣ್ಣೀರು ಹಾಕಿ ಬಂದರು. ತಪ್ಪು ಗೊತ್ತಾದ ಮೇಲೆ ಸರಿಯಾದ ಲಗ್ನಕ್ಕೂ ಹೋಗಿ ಉಂಡರು. "ಎರಡೂ ಕಡಿ ಹೋಳಿಗಿ ಚಲೋ ಇದ್ವು," ಎಂದು ಮರುದಿನ ನಮಗೇ ಹೇಳಿದರು. ಇದು ಉಪಾಯ ಎಂದು ನಾನು ಹೇಗೆ ನಂಬಲಿ?

ಕನ್ನಡಕದ ವಿಷಯವೂ ಹೀಗೆಯೇ. ಇಬ್ಬರು ಮಕ್ಕಳು ಕೂದಲು ಹಿಡಿದು ಜಗಳವಾಡಿದರೆ ಅಕ್ಕೋರು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅವರ ಕನ್ನಡಕ ಆಗಲೇ ಕಳೆದುಹೋಗುತ್ತಿತ್ತು. "ಎಲ್ಲಿ ಇಟ್ಟೀನೋ ಏನೋ, ನೀವಿಬ್ರೇ ಹುಡುಕಿ ಕೊಡ್ರೋ," ಎಂದು ಜಗಳವಾಡಿದ ಇಬ್ಬರನ್ನೇ ಕಳಿಸುವರು. ನಾನೂ ಅಣ್ಣನೂ ಆ ಕನ್ನಡಕವನ್ನು ಬೇಕಾದಷ್ಟು ಸಲ ಹುಡುಕಿದ್ದೇವೆ. ಬೇವಿನ ಗಿಡದ ಬುಡ, ನೀರಿನ ಟಾಕಿ, ಅಡುಗೆ ಕೋಣೆ ಎಲ್ಲ ನೋಡಿ, ಯಾಕೆ ಜಗಳವಾಡಿದ್ದೆವು ಎಂಬುದೇ ಮರೆತು ವಾಪಸು ಬಂದರೆ ಅಕ್ಕೋರು ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದರು. "ಚೀಲದಾಗೇ ಇತ್ತು ನೋಡ್ರಿ," ಎನ್ನುವರು. ಆದರೆ ಯಾರೂ ಜಗಳವಾಡದ ದಿನಗಳಲ್ಲೂ ಕನ್ನಡಕ ಕಳೆದುಹೋಗುತ್ತಿತ್ತು, ಆಗ ಪಾಪ ಅವರೇ ಎಲ್ಲ ಕಡೆ ತಡಕಾಡುತ್ತಿದ್ದರು.

ದೊಡ್ಡವಳಾದ ಮೇಲೆ ಒಮ್ಮೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಹಣೆಯ ಮೇಲೆ ದಪ್ಪಕ್ಷರದಲ್ಲಿ ಔರಾದ ಎಂದು ಬೋರ್ಡು ಹಾಕಿಕೊಂಡ ಬಸ್ಸಿನ ಮುಂದೆ ನಿಂತು, "ಇದು ಔರಾದಿಗಿ ಹೋಗ್ತದೇನ್ರಿ?" ಎಂದು ಕಂಡಕ್ಟರನನ್ನು ಕೇಳುತ್ತಿದ್ದರು. ಅವನು ಹೌದೆಂದ. ಬಾಗಿಲ ಬಳಿ ಕೂತ ಮುದುಕಿಯನ್ನೂ ಕೇಳಿದರು. ನನಗೆ ತಡೆಯಲಾಗದೆ, "ಅಕ್ಕೋರೆ, ಹುಟ್ಟಿದಾಗಿಂದ ಇದೇ ದಾರಿ ತಿರುಗೀರಿ, ಮತ್ಯಾಕ ಕೇಳ್ತೀರಿ?" ಎಂದೆ. ಅವರು ನಗಲಿಲ್ಲ. "ಗೊತ್ತದ ಅಂದ್ರ ಮಾತು ಅಲ್ಲಿಗೇ ಮುಗೀತದ ಯವ್ವಾ. ಗೊತ್ತಿಲ್ಲ ಅಂದ್ರ ಮಂದಿ ಜರಾ ಸರದು ಜಾಗಾ ಕೊಡ್ತಾರ," ಎಂದು ಹತ್ತಿ ಮುದುಕಿಯ ಪಕ್ಕದಲ್ಲೇ ಕೂತರು. ಬಸ್ಸು ಹೊರಡುವ ಹೊತ್ತಿಗೆ ಮುದುಕಿ ತನ್ನ ಗಂಟಿನಿಂದ ಶೇಂಗಾ ತೆಗೆದು ಅವರ ಕೈಗೆ ಹಾಕುತ್ತಿದ್ದಳು.

ಇನ್ನು ಟಿವಿಯ ವಿಷಯ. ಅದಕ್ಕಿಂತ ಮೊದಲು ನನ್ನ ಮತ್ತು ಅಣ್ಣನ ನಡುವಿನ ಮಾತು ನಿಂತ ವಿಷಯ ಹೇಳಬೇಕು.

ಅಣ್ಣ ಭಾಲ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಮದುವೆಯಾಗಿ ಬೀದರಿಗೆ ಬಂದವಳು. ಅವನ ಒಬ್ಬಳೇ ಮಗಳ ಲಗ್ನ ನಿಶ್ಚಯವಾಯಿತು. ಸ್ವಂತ ತಂಗಿಯನ್ನು ಮನೆಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಅಕ್ಕಿ ಕಾಳು ಕೊಟ್ಟು ಕರೆಯಬೇಕು. ಫೋನಿನಲ್ಲಿ ಕರೆಯುವುದು ಕರೆದಂತಲ್ಲ. ನಾನು ದಿನಾ ಕಾಯುತ್ತಿದ್ದೆ. ಕೊನೆಗೊಂದು ದಿನ ಪಕ್ಕದ ಮನೆಯಾಕೆ, "ಯಾರೋ ಕೊಟ್ಟು ಹೋಗ್ಯಾರ್ರಿ, ಕೊಡೋದು ಮರೆತೇಬಿಟ್ಟೆ," ಎಂದು ಲಗ್ನದ ಕಾರ್ಡು ತಂದುಕೊಟ್ಟಳು. ಯಾರೋ! ನನ್ನ ಅಣ್ಣನ ಮಗಳ ಲಗ್ನದ ಕರೆಯೋಲೆ ಯಾರದೋ ಕೈಯಲ್ಲಿ ಬಂದು, ಇನ್ಯಾರದೋ ಮನೆಯಲ್ಲಿ ಬಿದ್ದಿದ್ದು, ನನಗೆ ತಲುಪಿತು. ನಾನು ಹೋಗಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಲೂ ಇಲ್ಲ, ಕೇಳಿದರೆ ಕರೆಸಿಕೊಂಡಂತೆ ಆಗುತ್ತದಲ್ಲ. ಯಾಕೆ ಬರಲಿಲ್ಲ ಎಂದು ಅವನೂ ಕೇಳಲಿಲ್ಲ. ಹಬ್ಬಗಳು ಬಂದವು, ಹೋದವು. ಪಂಚಮಿಗೆ ಅವನು ಕರೆಯಲು ಬರಲಿಲ್ಲ, ನಾನು ತವರಿಗೆ ಹೋಗಲಿಲ್ಲ. ಮಾತು ನಿಂತುಹೋಯಿತು.

ಹೀಗಿರುವಾಗ ಅಕ್ಕೋರ ಫೋನು ಬಂತು. "ಯವ್ವಾ, ನಿನ್ನ ಹತ್ರ ಲ್ಯಾಪ್‌ಟಾಪ್ ಅದ ಅಲ್ಲ? ಅದನ್ನ ನನ್ನ ಟಿವಿಗಿ ಜೋಡಿಸಿ ಕೊಡ್ಲಿಕ್ಕ ಬರ್ತದೇನು? ಒಂದು ಲಗ್ನದ ವಿಡಿಯೋ ನೋಡೋದದ."

"ಯಾರ ಲಗ್ನದ್ರಿ?"

"ಯಾರ್ದೋ ಅದ. ಹೆಸರು ನೆನಪಿಗಿ ಬರವಲ್ದು."

ಕಾಲೇಜಿಗೆ ರಜೆಯಿದ್ದ ಐತ್ವಾರ ಲ್ಯಾಪ್‌ಟಾಪು, ವೈರು ಚೀಲಕ್ಕೆ ಹಾಕಿಕೊಂಡು ಭಾಲ್ಕಿಗೆ ಹೋದೆ. ಅಕ್ಕೋರ ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಅಣ್ಣ ಕೂತಿದ್ದ. ಅವನ ಅಂಗಿ ಜೇಬಿನಲ್ಲಿ ಪೆನ್‌ಡ್ರೈವು. ನನ್ನನ್ನು ನೋಡಿ ಅವನು ಎದ್ದ, ನಾನು ಹೊಸ್ತಿಲಲ್ಲೇ ನಿಂತೆ. ಅಕ್ಕೋರು ನಮ್ಮಿಬ್ಬರನ್ನೂ ನೋಡಿ, "ಹಾಂ, ಇವನ ಮಗಳ ಲಗ್ನ ನೋಡು. ಈಗ ನೆನಪಿಗಿ ಬಂತು. ಅವತ್ತು ನಾ ಔರಾದಿನ್ಯಾಗ ಸಿಕ್ಕೊಂಡಿದ್ದೆ, ನೋಡ್ಲಿಕ್ಕೇ ಆಗಿಲ್ಲ," ಎಂದರು. ಹೊರಟುಹೋಗೋಣ ಅನ್ನಿಸಿತು. ಆದರೆ ಮೂರನೆಯ ಇಯತ್ತೆಯಿಂದ ಅವರೆದುರು ಎದ್ದು ಹೋಗಿ ರೂಢಿಯಿರಲಿಲ್ಲ.

ಲ್ಯಾಪ್‌ಟಾಪಿನಲ್ಲೇ ನೋಡಿ ಎಂದರೆ, ಅಷ್ಟು ಸಣ್ಣದರಲ್ಲಿ ಮುಖ ಗುರುತು ಸಿಗುವುದಿಲ್ಲ ಎಂದರು. ಟಿವಿ ಮೇಲಿನ ಕಸೂತಿ ಬಟ್ಟೆ ಸರಿಸಿದೆ. ಹಿಂದಕ್ಕೆ ಡುಬ್ಬ ಬಂದಿರುವ ಹಳೆಯ ಡಬ್ಬಾ ಟಿವಿ. ನನ್ನ ವೈರಿನ ತುದಿ ಚಪ್ಪಟೆ, ಅದು ಹೋಗಿ ಕೂರುವ ಎಚ್‌ಡಿಎಂಐ ತೂತು ಈ ಟಿವಿಗೆ ಇಲ್ಲವೇ ಇಲ್ಲ. ಹಿಂದೆ ಇದ್ದದ್ದು ಆಂಟೆನಾದ ಒಂದು ತೂತು, ಅದರ ಪಕ್ಕದಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡನೆಯ ತೂತು. ನಾನು ವೈರನ್ನು ಹೀಗೆ ಹಾಗೆ ತಿರುಗಿಸಿ ನೋಡುತ್ತಿದ್ದರೆ ಅಣ್ಣ ಬುದ್ಧನ ಚಿತ್ರದ ಕಡೆ ಮುಖ ಮಾಡಿ, "ಅಕ್ಕೋರೆ, ಆಕಿಗಿ ಹೇಳ್ರಿ, ಆ ವೈರ್ ಇದಕ್ಕ ಬರಂಗಿಲ್ಲ," ಎಂದ.

ಅಕ್ಕೋರು ನನ್ನತ್ತ ತಿರುಗಿ, "ಅವ ಹೇಳ್ತಾನ, ಬರಂಗಿಲ್ಲಂತ," ಎಂದರು.

"ಬರಂಗಿಲ್ಲ ಅಂದ್ರ ಯಾಕ ಕರಸಿದ್ರಂತ ಕೇಳ್ರಿ ಮತ್ತ," ಎಂದೆ.

"ಆಕಿ ಕೇಳ್ತಾಳ, ಯಾಕ ಕರೀಲಿಲ್ಲಂತ," ಎಂದರು ಅಕ್ಕೋರು.

ಅಣ್ಣನ ಮುಖ ಕೆಂಪಾಯಿತು. "ನಾ ಟಿವಿ ಮಾತು ಆಡ್ಲಿಕತ್ತೀನಿ!"

"ನಾನೂ ಟಿವಿದೇ ಹೇಳಿದ್ದು," ಎಂದು ನಾನು ನೇರವಾಗಿ ಅವನಿಗೇ ಹೇಳಿಬಿಟ್ಟೆ. ಅಕ್ಕೋರು ಇಬ್ಬರ ಮುಖವನ್ನೂ ನೋಡಿ, "ನನಗ ತಿಳೀವಲ್ದು. ನೀವೇ ಮಾತಾಡ್ಕೋರಿ, ನಾ ಚಾ ಮಾಡ್ತೇನಿ," ಎಂದು ಒಳಗೆ ಹೋದರು. ಚಹಾ ಬರುವವರೆಗೆ ನಾವಿಬ್ಬರೂ ಟಿವಿಯ ಹಿಂಭಾಗವನ್ನೇ ನೋಡುತ್ತ ಕೂತಿದ್ದೆವು.

ಮುಂದಿನ ಐತ್ವಾರ ಇಬ್ಬರೂ ಸಾಮಾನು ತಂದಿದ್ದೆವು, ಒಬ್ಬರಿಗೊಬ್ಬರು ಹೇಳಿರಲಿಲ್ಲ ಅಷ್ಟೆ. ಅಣ್ಣ ಭಾಲ್ಕಿಯಲ್ಲೇ ಒಂದು ವೈರು ಕೊಂಡಿದ್ದ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿಗೆ ಹಳದಿ, ಬಿಳಿ, ಕೆಂಪು ಪಿನ್ನು. ಎರಡೂ ಕಡೆ ಹೇಳಿ ಮಾಡಿಸಿದಂತೆ ಕೂತವು. ಚಿತ್ರ ಬರಲಿಲ್ಲ. ಮುಂದಿನ ಗುಂಡಿ ಒತ್ತಿ ಚಾನೆಲ್ಲು ಬದಲಿಸಿದೆವು, ವೈರು ಕಿತ್ತು ಮತ್ತೆ ಹಾಕಿದೆವು. ಟಿವಿ ಕಪ್ಪಗೆ ಕೂತಿತ್ತು. "ಎರಡೂ ಕಡಿ ಕರೆಕ್ಟ್ ಕುಂತದ, ಮತ್ಯಾಕ ಬರವಲ್ದು?" ಎಂದು ಅಣ್ಣ ಗೊಣಗಿದ. ನನಗೆ ಬೀದರಿನ ಅಂಗಡಿಯವನು ಇದನ್ನು ಬಿಡಿಸಿ ಹೇಳಿದ್ದ. ಲ್ಯಾಪ್‌ಟಾಪು ಮಾತಾಡುವ ರೀತಿಯೇ ಬೇರೆ, ಹಳೆಯ ಟಿವಿ ಕೇಳುವ ರೀತಿಯೇ ಬೇರೆ. ಬರೀ ವೈರು ಇದ್ದರೆ ಸಾಲದು, ಒಂದರದನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುವ ಡಬ್ಬಿ ನಡುವೆ ಬೇಕು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಆ ಡಬ್ಬಿಯನ್ನು ನಾನು ಚೀಲದಿಂದ ತೆಗೆದಿಟ್ಟೆ.

ಅದೂ ಸುಮ್ಮನೆ ಕೂತಿತ್ತು. ಡಬ್ಬಿಗೂ ಬೇರೆ ಕರೆಂಟು ಕೊಡಬೇಕು ಎಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಅದರ ಬಾಲವನ್ನು ಲ್ಯಾಪ್‌ಟಾಪಿಗೇ ಸಿಕ್ಕಿಸಿದರೆ ಪೆನ್‌ಡ್ರೈವಿಗೆ ಜಾಗವಿಲ್ಲ, ನನ್ನ ಲ್ಯಾಪ್‌ಟಾಪಿನ ಇನ್ನೊಂದು ತೂತು ಕೆಟ್ಟಿದೆ. ಅಣ್ಣ ಪೆನ್‌ಡ್ರೈವು ನನ್ನ ಮುಂದೆ ಇಟ್ಟು, ನೆಲ ನೋಡುತ್ತ, "ಮೊದಲ ಲಗ್ನ ನಿನ್ನ ಲ್ಯಾಪ್‌ಟಾಪಿನ್ಯಾಗ ಹಾಕ್ಕೋ," ಎಂದ. ಹಾಕಿಕೊಂಡೆ. ಆಮೇಲೆ ಚಿತ್ರ ಬಂತು, ಆದರೆ ಕಪ್ಪು ಬಿಳುಪಿನಲ್ಲಿ ಕೆಳಗಿನಿಂದ ಮೇಲಕ್ಕೆ ಉರುಳುತ್ತ. ಡಬ್ಬಿಯ ಪಕ್ಕದಲ್ಲೊಂದು ಸಣ್ಣ ಗುಂಡಿ, ಹಿಂದಕ್ಕೋ ಮುಂದಕ್ಕೋ ಸರಿಯುವಂಥದ್ದು. ಅಣ್ಣ ಡಬ್ಬಿ ಎತ್ತುವಾಗ ಅವನ ಉಗುರು ತಾಗಿ ಅದು ಸರಿಯಿತು. ಉರುಳುತ್ತಿದ್ದ ಚಿತ್ರ ನಿಂತಿತು, ಬಣ್ಣ ಬಂತು. ಲಗ್ನದ ಮಂಟಪದ ಬಾಗಿಲು, ಬಾಳೆಕಂಬ, ಸಾಲು ಚಪ್ಪಲಿಗಳು ಕಂಡವು. ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ಬಹಳ ಹೊತ್ತು ಕಾದರೂ ಬರಲಿಲ್ಲ. ಬೀದರಿನ ಗಾಡಿಯ ಹೊತ್ತಾಯಿತೆಂದು ಎದ್ದೆ. ಎಲ್ಲ ಜೋಡಿಸಿದ್ದು ಹಾಗೆಯೇ ಇರಲಿ, ಇನ್ನು ಲ್ಯಾಪ್‌ಟಾಪ್ ತಂದು ಸಿಕ್ಕಿಸಿದರೆ ಸಾಕು ಎಂದು ಅಕ್ಕೋರಿಗೆ ಹೇಳಿ ಬಂದೆ.

ಮೂರನೆಯ ಐತ್ವಾರ ಲ್ಯಾಪ್‌ಟಾಪು ಸಿಕ್ಕಿಸಿದರೆ ಟಿವಿಯಲ್ಲಿ ಚಿತ್ರವಿಲ್ಲ. ಧ್ವನಿ ಮಾತ್ರ ಬರುತ್ತಿತ್ತು. ಅಣ್ಣ ಮೊಬೈಲ್ ಬೆಳಕು ಹಿಡಿದು ಟಿವಿ ಹಿಂದೆ ಕೂತ. ನಾನು ಮುಂದೆ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಒಂದಾದ ಮೇಲೊಂದು ಗುಂಡಿ ಒತ್ತಿ ನೋಡುತ್ತಿದ್ದೆ. ಕಪ್ಪು ಪರದೆಯೊಳಗೆ ಲಗ್ನ ನಡೆದಿತ್ತು. ವಾಲಗ, ಹೆಂಗಸರ ಹಾಡು, ಯಾವುದೋ ಮಗುವಿನ ಅಳು. ಆಮೇಲೆ ಮೈಕಿನಲ್ಲಿ ಒಬ್ಬರು, "ಹುಡುಗಿ ಸೋದರತ್ತಿ ಎಲ್ಲಿ ಅದಾರ್ರಿ? ಆರತಿಗಿ ಬರ್ಬೇಕ್ರಿ," ಎಂದು ಕೂಗಿದರು.

ನಮ್ಮ ಮನೆತನದಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವ ಮೊದಲು ಸೋದರತ್ತೆ ಆರತಿ ಎತ್ತುತ್ತಾಳೆ. ಸೋದರತ್ತೆ ಎಂದರೆ ನಾನು. ನನ್ನ ಕೈ ಲ್ಯಾಪ್‌ಟಾಪಿನ ಮೇಲೆ ಹಾಗೆಯೇ ನಿಂತಿತು. ಮೈಕಿನಲ್ಲಿ ಮತ್ತೊಮ್ಮೆ ಕೂಗಿದರು. ಆಗ ಟಿವಿಯೊಳಗಿಂದ ಅಣ್ಣನ ದನಿ ಬಂತು. "ಜರಾ ನಿಂದರ್ರಿ. ಬರ್ತಾಳ ಆಕಿ."

ಮುಹೂರ್ತ ಮೀರುತ್ತಿದೆ ಎಂದು ಯಾರೋ ಅಂದರು. "ನಿಂದರ್ರಿ ಅಂದೆನಲ್ಲ. ಬೀದರಿನಿಂದ ಬರ್ಬೇಕು ಆಕಿ," ಎಂದಿತು ಆ ದನಿ.

ಟಿವಿ ಹಿಂದಿದ್ದ ಅಣ್ಣ ಅಲುಗಾಡಲಿಲ್ಲ. ನಾನು ವಿಡಿಯೋ ನಿಲ್ಲಿಸಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳವೂ ನಿಂತಿತ್ತು.

"ಕಾದಿದ್ದೇನು?" ಎಂದೆ.

"ಮುಹೂರ್ತ ಮುಗಿಯೋತನ," ಎಂದು ಟಿವಿಯ ಹಿಂದಿನಿಂದ ಉತ್ತರ ಬಂತು.

"ನೀ ಬಂದು ಕುಂಕುಮ ಹಚ್ಚಿ ಕರೀಲಿಲ್ಲಲ್ಲ."

"ಬಂದಿದ್ದೆ. ಮನಿ ಕೀಲಿ ಹಾಕಿತ್ತು. ಭಾಳ ಹೊತ್ತು ಕಟ್ಟಿ ಮ್ಯಾಲ ಕುಂತೆ. ಇನ್ನೂ ಕಮಲನಗರಕ್ಕ ಹೋಗೋದಿತ್ತು, ಬಾಜೂ ಮನಿಯಾಕಿ ಕೈಯಾಗ ಕಾರ್ಡ್ ಕೊಟ್ಟೆ."

"ಕಾರ್ಡ್ ಹೋಗ್ಲಿ. ಕುಂಕುಮ?"

"ಕುಂಕುಮ ಬ್ಯಾರೇದೋರ ಕೈಯಾಗ ಕೊಡ್ಲಿಕ್ಕ ಬರ್ತದೇನು?" ಎಂದು ಅವನು ಈಗ ತಲೆ ಎತ್ತಿದ. "ಹೊಸ್ತಿಲಿಗಿ ಹಚ್ಚಿ, ಅದರ ಮ್ಯಾಲ ಅಕ್ಕಿ ಕಾಳು ಇಟ್ಟು ಬಂದೀನಿ. ತಂಗಿ ಬಂದು ನೋಡ್ತಾಳ, ತಿಳೀತದ ಅಂತ."

ದಿನಾ ಬೆಳಗ್ಗೆ ಸ್ನಾನವಾದ ಮೇಲೆ ಹೊಸ್ತಿಲಿಗೆ ಕುಂಕುಮ ಹಚ್ಚುವವಳು ನಾನೇ. ಅವನು ಹಚ್ಚಿದ್ದು ನಾನು ಹಚ್ಚಿದ್ದರ ಮೇಲೆಯೇ ಕೂತಿರಬೇಕು. ಅಕ್ಕಿ ಕಾಳು ಕಂಡ ನೆನಪಿಲ್ಲ, ಕಂಡಿದ್ದರೂ ಗುಬ್ಬಿಗೆ ಹಾಕಿದ್ದೆಂದು ಗುಡಿಸಿರುತ್ತೇನೆ. ಅವನು ಕರೆದಿದ್ದ, ನನ್ನನ್ನು ಕರೆದಿರಲಿಲ್ಲ. ಎರಡೂ ನಿಜವೇ. ಇದರಲ್ಲಿ ಯಾರ ಮೇಲೆ ಸಿಟ್ಟು ಮಾಡುವುದು? ಇಷ್ಟು ದಿನ ಮಾಡಿದ ಸಿಟ್ಟನ್ನು ಈಗ ಎಲ್ಲಿಡುವುದು?

"ಹೊಸ್ತಿಲಿಗಿ ಕುಂಕುಮ ದಿನಾ ಇರ್ತದೋ ಅಣ್ಣಾ. ಗುರುತು ಹ್ಯಾಂಗ ಸಿಗಬೇಕು?" ಎಂದೆ.

ಅವನು ಯೋಚಿಸಿದ. ಅದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಹೌದಲ್ಲ," ಎಂದ. ಆಮೇಲೆ ಟಿವಿಯ ಡುಬ್ಬಕ್ಕೆ ಹಣೆ ಆನಿಸಿ ಅಳತೊಡಗಿದ. ನನಗೆ ಮೊದಲು ನಗು ಬಂತು, ನಗುತ್ತಿರುವಾಗಲೇ ಅಳು ಬಂತು. ಅಕ್ಕೋರು ಚಹಾದ ಕಪ್ಪುಗಳನ್ನು ಹಿಡಿದು ಬಂದು, ಅಳುತ್ತಿದ್ದ ನಮ್ಮಿಬ್ಬರನ್ನೂ ದಾಟಿ ಟಿವಿಯನ್ನು ನೋಡಿದರು.

"ಚಿತ್ರ ಬಂತೇನು?"

"ಇಲ್ರಿ ಅಕ್ಕೋರೆ."

"ಹಂಗಾದ್ರ ಮುಂದಿನ ಐತ್ವಾರ ಬರ್ರಿ."

ಹೊರಡುವ ಮೊದಲು ಅಣ್ಣ ಮತ್ತೊಮ್ಮೆ ಟಿವಿ ಹಿಂದೆ ಬೆಳಕು ಬಿಟ್ಟು ನೋಡಿದ. ಹಳದಿ ಪಿನ್ನು ತೂತಿನಿಂದ ಹೊರಬಂದು ಗೋಡೆಯ ಮೂಲೆಯಲ್ಲಿ ಬಿದ್ದಿತ್ತು. ಮೊದಲ ಸಲ ಅವನ ಕಣ್ಣಿಗೆ ಅದು ಬಿದ್ದಿರಲಿಲ್ಲವೋ, ಅವನು ನೋಡಿಯೇ ಇರಲಿಲ್ಲವೋ. ಚಿತ್ರ ಹೋಗುವುದು ಹಳದಿಯಲ್ಲಿ, ಧ್ವನಿ ಹೋಗುವುದು ಬಿಳಿ, ಕೆಂಪುಗಳಲ್ಲಿ. ಹಳದಿ ಕಿತ್ತರೆ ಕೇಳಿಸುತ್ತದೆ, ಕಾಣಿಸುವುದಿಲ್ಲ. "ಇದನ್ನ ಯಾರು ತೆಗ್ದಾರ್ರಿ?" ಎಂದು ಕೇಳಿದೆ. "ಇಲಿ ಇರಬೇಕು," ಎಂದರು ಅಕ್ಕೋರು. "ಇಲಿ ಹಳದಿದೇ ಯಾಕ ಎಳೀತದ್ರಿ?" "ನನಗ ತಿಳೀವಲ್ದು."

ಮುಂದಿನ ವಾರ ಚಿತ್ರ ಬಂತು. ಆ ಹಳೆಯ ಪರದೆಯಲ್ಲಿ ಎಲ್ಲರ ಮುಖವೂ ಒಂದೇ ತರಹ ಮಸುಕು. ಮೈಕಿನಲ್ಲಿ ಸೋದರತ್ತೆಯನ್ನು ಕೂಗುವಾಗ, ಪೇಟ ಸುತ್ತಿದ ಒಬ್ಬ ಗಂಡಸು ಮಂಟಪಕ್ಕೆ ಬೆನ್ನು ಮಾಡಿ ಹೊರಬಾಗಿಲನ್ನೇ ನೋಡುತ್ತ ನಿಂತಿದ್ದ. ಜನ ಅವನನ್ನು ತಳ್ಳಿಕೊಂಡು ಓಡಾಡುತ್ತಿದ್ದರು, ಅವನು ಸರಿಯುತ್ತಿರಲಿಲ್ಲ. "ಅವ ಯಾರವ, ಬಾಗಿಲ ಕಡಿ ನೋಡ್ಕೋತ ನಿಂತಾನ?" ಎಂದರು ಅಕ್ಕೋರು. "ಅಡಿಗಿಯವನಿರಬೇಕ್ರಿ," ಎಂದ ಅಣ್ಣ. ನಾನು ಬಾಯಿಗೆ ಸೆರಗು ಹಿಡಿದುಕೊಂಡೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಲಗ್ನದ ವಿಡಿಯೋ ಉದ್ದವಿತ್ತು, ಅಕ್ಕೋರು ಅದನ್ನು ಸ್ವಲ್ಪ ಸ್ವಲ್ಪವೇ ನೋಡುತ್ತಿದ್ದರು. ಒಂದು ವಾರ ಚಿತ್ರ ಬಂದರೆ ಇನ್ನೊಂದು ವಾರ ಹಳದಿ ಪಿನ್ನು ಹೊರಗೆ. ಅಣ್ಣ ತನ್ನ ಅಂಗಡಿಯಿಂದ ಇಲಿ ಬೋನು ತಂದಿಟ್ಟ. ಬೋನಿನಲ್ಲಿಟ್ಟ ಒಣಕೊಬ್ಬರಿ ಹಾಗೆಯೇ ಒಣಗಿತು, ಇಲಿ ಬೀಳಲಿಲ್ಲ. ಪಂಚಮಿಗೆ ಅಣ್ಣ ಬೀದರಿಗೆ ಬಂದು, ನಾನು ಮನೆಯಲ್ಲಿರುವುದನ್ನು ಫೋನು ಮಾಡಿ ಖಾತ್ರಿ ಮಾಡಿಕೊಂಡು, ನನ್ನ ಹಣೆಗೇ ಕುಂಕುಮ ಹಚ್ಚಿ ಕರೆದೊಯ್ದ. ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅಕ್ಕೋರೆ, ಖರೇ ಹೇಳ್ರಿ. ಆ ಪಿನ್ ನೀವೇ ತೆಗೀತೀರೇನು?" ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಎಲ್ಲೋ ಇಟ್ಟರು. "ಅಯ್ಯ, ನನ್ನ ಚಾಳೀಸು ಎಲ್ಲಿ ಇಟ್ಟೆ? ನೋಡ್ರಿ ಜರಾ ಇಬ್ರೂ," ಎಂದರು. ನಾನೂ ಅಣ್ಣನೂ ಎದ್ದು ಹುಡುಕಿದೆವು. ಆ ಸಲ ಅದು ನಿಜವಾಗಿಯೂ ಸಿಗಲಿಲ್ಲ. ಅವರು ಎರಡು ದಿನ ಕನ್ನಡಕವಿಲ್ಲದೆ ಗೋಡೆ ಹಿಡಿದು ಓಡಾಡಿದರಂತೆ.

ತೀರಿಕೊಂಡದ್ದು ಔರಾದಿನಲ್ಲಿ, ತಂಗಿಯ ಮನೆಗೆಂದು ಹೋದಾಗ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಹತ್ತುವ ಮೊದಲು ಅಣ್ಣ ಕಂಡಕ್ಟರನನ್ನು, "ಇದು ಔರಾದಿಗಿ ಹೋಗ್ತದೇನ್ರಿ?" ಎಂದು ಕೇಳಿದ. ಬೋರ್ಡು ಎದುರಿಗೇ ಇತ್ತು. ಅಲ್ಲಿ ಎಲ್ಲ ಮುಗಿದ ಮೇಲೆ ಅವರ ತಂಗಿ ನಮ್ಮನ್ನು ಬದಿಗೆ ಕರೆದು, "ಟಿವಿ ನಿಮಗ ಕೊಡು ಅಂದಿದ್ಲು ಅಕ್ಕ," ಎಂದರು. ಯಾರಿಗೆ ಎಂದು ಕೇಳಿದೆವು. "ಇಬ್ರಿಗಿ ಅಂದಾಳ್ರಿ. ಒಂದು ಟಿವಿ, ಮನಿ ಎರಡು. ಹ್ಯಾಂಗ ಕೊಡ್ಲಿ, ನನಗಂತೂ ತಿಳೀಲಿಲ್ಲ."

ಟಿವಿ ಈಗ ಭಾಲ್ಕಿಯಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿದೆ. ಡಬ್ಬಿ, ವೈರು, ಮೇಲಿನ ಕಸೂತಿ ಬಟ್ಟೆ ಎಲ್ಲ ಹಾಗೆಯೇ. ಒಳಗಿನ ಕೋಣೆಯ ಗೋಡೆಗೆ ದೊಡ್ಡದೊಂದು ಹೊಸ ಟಿವಿ ಇದೆ, ಪೆನ್‌ಡ್ರೈವನ್ನು ನೇರವಾಗಿ ಸಿಕ್ಕಿಸಿದರೆ ಕನ್ನಡಿಯಂತೆ ಕಾಣುತ್ತದೆ. ಆ ಮಾತನ್ನು ನಾನೂ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ. ಮೊನ್ನೆ ಅವನ ಫೋನು ಬಂತು. "ಮಗಳ ಕೂಸಿನ ತೊಟ್ಟಿಲ ವಿಡಿಯೋ ಬಂದದ. ಅಕ್ಕೋರ ಟಿವಿನ್ಯಾಗ ಚಿತ್ರ ಬರವಲ್ದು, ಲ್ಯಾಪ್‌ಟಾಪ್ ತಗೊಂಡು ಬಾ," ಎಂದ. ಲ್ಯಾಪ್‌ಟಾಪು ನನ್ನ ಬಳಿ ಇರುವಾಗ ಆ ಟಿವಿಯಲ್ಲಿ ಚಿತ್ರ ಬರುವುದಾದರೂ ಎಲ್ಲಿಂದ? ಕೇಳಲಿಲ್ಲ. ಹೋದೆ.

ಹಳದಿ ಪಿನ್ನು ಹೊರಗಿತ್ತು. "ಇಲಿ ಇರಬೇಕು," ಎಂದ ಅಣ್ಣ, ಕಿಟಕಿ ನೋಡುತ್ತ. ಬೀಜದ ಅಂಗಡಿಯವನ ಮನೆ, ಇಲಿ ಇದ್ದರೂ ಇರಬಹುದು. ಪಿನ್ನು ಹಾಕಿದೆವು. ಕೂಸಿನ ಹೆಸರನ್ನು ಕಿವಿಯಲ್ಲಿ ಹೇಳುವವರು ಯಾರು, ಬಗ್ಗಿ ನಿಂತ ಬೆನ್ನು ಯಾರದು, ಒಂದೂ ಸರಿಯಾಗಿ ಗೊತ್ತಾಗದೆ ನಗುತ್ತ ನೋಡಿದೆವು. ಅಕ್ಕೋರು ಇದ್ದಿದ್ದರೆ ಪ್ರತಿಯೊಬ್ಬರನ್ನೂ ಯಾರವರು ಎಂದು ಕೇಳುತ್ತಿದ್ದರು. ಅವರಿಲ್ಲದೆ ಕೋಣೆ ಖಾಲಿ ಅನ್ನಿಸಿತು, ಅದನ್ನು ಅಣ್ಣನಿಗೆ ಹೇಳಿದೆ. ಅವನು ತಲೆಯಾಡಿಸಿದ.

ಸಂಜೆ ನಾನು ಲ್ಯಾಪ್‌ಟಾಪು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಾಗ ಅಣ್ಣ ಟಿವಿಯ ಹಿಂದೆ ಬಗ್ಗಿ ಸ್ವಿಚ್ಚು ತೆಗೆದ. ಬಟ್ಟೆ ಹೊದಿಸಿ, ಆಟೋ ತರುತ್ತೇನೆಂದು ಹೊರಗೆ ಹೋದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ನಾನು ಟಿವಿಯ ಹಿಂದೆ ಕೈ ಹಾಕಿ ಹಳದಿ ಪಿನ್ನು ತಡಕಿದೆ.

ಅದು ಆಗಲೇ ಹೊರಗಿತ್ತು.